ನಕಲು ಮಾಡಿ, ಆದರೆ ಹೇಳಿ ಮಾಡಿ

ಚಿತ್ರ ಬರೆಯುವ ಮಗುವಿನ ಉತ್ಸಾಹಕ್ಕೆ ತಣ್ಣೀರು ಎರಚಬೇಕಾ? ಭಾರೀ ಕಷ್ಟವೇನೂ ಇಲ್ಲ. ಬರೆದದ್ದನ್ನು ಒಮ್ಮೆ ನೋಡಿ, ತುಟಿ ಕೊಂಕಿಸಿ, 'ಓ, ಕಾಪಿನಾ?' ಅಂದುಬಿಡಿ. ಸಾಕು. ಆ ಮಗು ಇನ್ನು ಪೆನ್ಸಿಲ್ ಹಿಡಿಯುವ ಮುಂಚೆ ಹತ್ತು ಸಲ ಯೋಚನೆ ಮಾಡುತ್ತೆ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರಪತ್ರಿಕೆ ಇಣುಕಿ ಬರೆದವನಿಗೂ 'ಕಾಪಿ' ಅಂತೀವಿ. ದೊಡ್ಡ ಚಿತ್ರಕಾರನೊಬ್ಬನ ಕೆಲಸದ ಎದುರು ಮೂರು ತಿಂಗಳು ಕೂತು, ಕಣ್ಣು ನೋಯಿಸಿಕೊಂಡು ಕಲಿತವನಿಗೂ ಅದೇ ಪದ. ನನ್ನ ತಕರಾರು ಶುರುವಾಗೋದೇ ಇಲ್ಲಿಂದ.

ನಾನು ಶಿಕಾರಿಪುರದವನು. ಹೊಟ್ಟೆಪಾಡಿನ ಕೆಲಸ ಸೊರಬದಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಉಳಿದ ಸಂಜೆಗಳಲ್ಲಿ, ಭಾನುವಾರಗಳಲ್ಲಿ ತೈಲವರ್ಣದಲ್ಲಿ ಮುಖ ಬರೆಯೋದನ್ನು ಕಲಿಯುತ್ತಿದ್ದೇನೆ. ನನ್ನ ಮೇಷ್ಟ್ರು ತೀರಿಕೊಂಡು 500 ವರ್ಷ ಆಯಿತು. ಇಟಲಿಯ ರಾಫೆಲ್, 1483ರಲ್ಲಿ ಹುಟ್ಟಿ 1520ರಲ್ಲಿ ಹೋದವನು. ಅವನು ಸುಮಾರು 1514-15ರಲ್ಲಿ ತನ್ನ ಗೆಳೆಯ ಕಾಸ್ತಿಲ್ಯೋನೆ ಎಂಬುವನ ಭಾವಚಿತ್ರ ಬರೆದ. ಅದೀಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರ ನಕಲನ್ನು ನಾನು ಮಾಡಿದೆ. ಮಾಡಿ, ಒಂದು ಚಿತ್ರ ಪ್ರದರ್ಶನಕ್ಕೆ ಒಯ್ದೆ. ಕೆಳಗೆ ಚೀಟಿಯನ್ನೂ ಅಂಟಿಸಿದ್ದೆ: 'ರಾಫೆಲ್ ಬರೆದ ಚಿತ್ರದ ನಕಲು, ಕಲಿಕೆಗಾಗಿ'. ತೀರ್ಪುಗಾರರೊಬ್ಬರು ಬಂದರು, ಚೀಟಿ ಓದಿದರು. ಚಿತ್ರ ನೋಡಲಿಲ್ಲ. 'ಕಾಪಿ ಎಲ್ಲಾ ಗೋಡೆಗೆ ಬೇಡ, ಒರಿಜಿನಲ್ ಮಾತ್ರ' ಅಂದರು. ಚಿತ್ರ ಮೇಜಿನ ಕೆಳಗೆ ಹೋಯಿತು. ಹೋಗಲಿ ಬಿಡಿ, ಅದಕ್ಕೆ ನನಗೆ ಬೇಜಾರಿಲ್ಲ. ಬಹುಮಾನ ಯಾವುದಕ್ಕೆ ಬಂತು ಅನ್ನೋದು ಮುಖ್ಯ.

ದೊಡ್ಡ ಪೇಟ, ಮುಖದ ತುಂಬ ಸುಕ್ಕು, ಬಿಳಿ ಮೀಸೆ, ಬಾಯಲ್ಲಿ ಚಿಲುಮೆ. ರಾಜಸ್ಥಾನದ ಅಜ್ಜ!

ನೀವೂ ನೋಡಿರ್ತೀರಿ ಈ ಅಜ್ಜನನ್ನ. ಕರ್ನಾಟಕದ ಯಾವ ಊರಿನ ಯಾವ ಪ್ರದರ್ಶನಕ್ಕೆ ಹೋದರೂ ಇವರು ನಿಮಗಿಂತ ಮುಂಚೆ ಅಲ್ಲಿ ಹಾಜರು. ಪಕ್ಕದಲ್ಲಿ ಕಣ್ಣು ಮುಚ್ಚಿದ ಬುದ್ಧ, ಆಚೆಗೆ ಓಡುವ ಏಳು ಕುದುರೆ, ಮೂಲೆಯಲ್ಲಿ ಕೆನ್ನೆ ಮೇಲೆ ನೀರಹನಿ ಇರುವ ಮಗು. ಅಲ್ಲ ಮಾರಾಯ್ರೆ, ಮಲೆನಾಡ ಸೆರಗಿನ ಹುಡುಗನಿಗೆ ರಾಜಸ್ಥಾನದ ಅಜ್ಜ ಎಲ್ಲಿ ಸಿಕ್ಕಿದರು? ಸಂತೆಯಲ್ಲಾ, ಬಸ್ ಸ್ಟ್ಯಾಂಡಲ್ಲಾ? ಮೊಬೈಲಲ್ಲಿ ಸಿಕ್ಕಿದರು. ಯಾರೋ ಫೋಟೋಗ್ರಾಫರ್ ಮರುಭೂಮಿಯ ಬಿಸಿಲಲ್ಲಿ ಬೆವರು ಸುರಿಸಿ ತೆಗೆದ ಫೋಟೋ. ಅದನ್ನು ಪ್ರಿಂಟ್ ಹಾಕಿಸಿಯೋ, ಪ್ರೊಜೆಕ್ಟರ್ ಬಿಟ್ಟೋ ಗೀಟಿನ ಮೇಲೆ ಗೀಟು ಎಳೆದು, ಬಣ್ಣ ತುಂಬಿ, ಕೆಳಗೆ ಸ್ವಂತ ಸಹಿ ಹಾಕಿದರೆ ಅದು 'ಒರಿಜಿನಲ್'. ಮೂಲ ಯಾರದ್ದು ಅಂತ ಬಾಯಿಬಿಟ್ಟು ಹೇಳಿ, ಕಣ್ಣಳತೆಯಲ್ಲಿ ಕಲಿತರೆ ಅದು 'ಕಾಪಿ'. ಮುಚ್ಚಿಟ್ಟವನಿಗೆ ಶಾಲು, ಒಪ್ಪಿಕೊಂಡವನಿಗೆ ಮೇಜಿನ ಅಡಿ. ಇದು ಯಾವ ಊರಿನ ನ್ಯಾಯ?

ಬಹುಮಾನ ತಗೊಂಡ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕೈ ಚೆನ್ನಾಗಿದೆ. ಸಿಟ್ಟಿರೋದು ಅವನಿಗೆ ಆ ದಾರಿ ತೋರಿಸಿದವರ ಮೇಲೆ. 'ನಕಲು ಮಾಡಬೇಡ' ಅಂತ ಹೇಳಿ, ಹೇಗೆ ಕಲಿಯಬೇಕು ಅಂತ ಮಾತ್ರ ಹೇಳದೆ ಬಿಟ್ಟವರ ಮೇಲೆ.

ಒಂದು ಸಲ ನಾವು ಕಲಿಯುವ ಬೇರೆ ವಿದ್ಯೆಗಳನ್ನ ನೋಡಿ. ಸಂಗೀತಕ್ಕೆ ಸೇರಿದ ಮಗು ಮೊದಲು ಹಾಡೋದು ಸರಳೆ ವರಸೆ. ಪುರಂದರದಾಸರು ಹಾಕಿಕೊಟ್ಟದ್ದು ಅಂತ ಪರಂಪರೆ ಹೇಳುವ ಆ ಪಾಠವನ್ನೇ ತಲೆಮಾರುಗಳಿಂದ ಎಲ್ಲರೂ ಹಾಡುತ್ತಿದ್ದಾರೆ. 'ಏನಮ್ಮ, ಬೇರೆಯವರದ್ದು ಹಾಡ್ತೀಯ, ನಿಂದೇ ಒಂದು ರಾಗ ಮಾಡು' ಅಂತ ಯಾರಾದರೂ ಕೇಳ್ತಾರಾ? ಯಕ್ಷಗಾನದ ಹುಡುಗ ಭಾಗವತರ ತಾಳಕ್ಕೆ ಗುರು ಹಾಕಿದ ಹೆಜ್ಜೆಯನ್ನೇ ಹಾಕ್ತಾನೆ. ಅಷ್ಟೇಕೆ, ನಾವು ನೀವು ಕನ್ನಡ ಬರೆಯಲು ಕಲಿತದ್ದು ಹೇಗೆ? ಮೇಷ್ಟ್ರು ಸ್ಲೇಟಿನ ಮೇಲೆ ಬರೆದುಕೊಟ್ಟ 'ಅ' ಮೇಲೆ ಬಳಪ ಆಡಿಸಿ, ತಿದ್ದಿ ತಿದ್ದಿ ದಪ್ಪ ಮಾಡಿ. ಅಕ್ಷರ ತಿದ್ದಿದ ಮಗು ಮುಂದೆ ಮೇಷ್ಟ್ರ ಕೈಬರಹದಲ್ಲೇ ಬರೆಯುತ್ತಾ? ಇಲ್ಲ. ಪ್ರತಿಯೊಬ್ಬರ ಬರಹವೂ ಬೇರೆ. ತಿದ್ದಿದ್ದರಿಂದ ಸ್ವಂತಿಕೆ ಸಾಯಲಿಲ್ಲ, ಕೈ ಹುಟ್ಟಿತು. ಚಿತ್ರಕಲೆಗೆ ಮಾತ್ರ ಬೇರೆ ಕಾನೂನು ಯಾಕೆ?

ನಮ್ಮ ಎರಡು ತಾಲ್ಲೂಕುಗಳಲ್ಲಿ ನಿಂತು 'ನಕಲು ಕೀಳು' ಅನ್ನುವವರಿಗೆ ತಾವು ಯಾವ ಮಣ್ಣಿನ ಮೇಲೆ ನಿಂತಿದ್ದೇವೆ ಅಂತ ಗೊತ್ತಿಲ್ಲ. ಸೊರಬ ಮತ್ತು ಸಾಗರ ಗುಡಿಗಾರರ ಊರುಗಳು. ಶ್ರೀಗಂಧದ ಪೆಟ್ಟಿಗೆಯ ಮೇಲೆ ಒಂದು ಬೆರಳಿನಷ್ಟು ಜಾಗವನ್ನೂ ಬಿಡದೆ ಬಳ್ಳಿ, ಹೂವು, ದೇವರು ಕೆತ್ತಿದ ಮನೆತನಗಳು. ಬಿ. ಎಲ್. ರೈಸ್ 19ನೇ ಶತಮಾನದಲ್ಲಿ ಸಿದ್ಧಪಡಿಸಿದ ಮೈಸೂರು ಗ್ಯಾಝೆಟಿಯರಿನಲ್ಲಿ ಇವರ ಬಗ್ಗೆ ಬರೆದಿದ್ದಾನೆ. ಒಂದೊಂದು ಪೆಟ್ಟಿಗೆಗೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತಂತೆ. ಕೆಲಸ ಎಷ್ಟು ಸೂಕ್ಷ್ಮ ಅಂದರೆ ಅವರ ಕಣ್ಣು ಬೇಗ ಮಂಜಾಗುತ್ತಿತ್ತಂತೆ. ಅದೇ ರೈಸ್ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಯುರೋಪಿನ ವಿನ್ಯಾಸ ಕೊಟ್ಟರೆ ಅದನ್ನೂ ಒಂದು ಕೊರತೆ ಇಲ್ಲದಂತೆ ಇವರು ನಕಲು ಮಾಡುತ್ತಾರೆ ಅಂತ. ಅಂದರೆ, ಯುರೋಪಿನ ಮಾದರಿ ಇಟ್ಟುಕೊಂಡು ಸೊರಬದಲ್ಲಿ ಕೂತು ನಕಲು ಮಾಡಿದವರಲ್ಲಿ ನಾನು ಮೊದಲಿಗನಲ್ಲ. ನನಗಿಂತ ನೂರು ವರ್ಷ ಮುಂಚೆಯೇ, ನನಗಿಂತ ನೂರು ಪಟ್ಟು ಚೆನ್ನಾಗಿ ಮಾಡಿದವರು ಇಲ್ಲಿದ್ದರು. ಅದರಿಂದ ಗುಡಿಗಾರರ ಕಲೆ ಇಂಗ್ಲಿಷಿನದ್ದಾಗಲಿಲ್ಲ. ಇವತ್ತಿಗೂ ಗುಡಿಗಾರರ ಕೆಲಸ ಅಂದರೆ ನೋಡಿದ ಕೂಡಲೇ ಗುರುತು ಸಿಗುತ್ತೆ.

ಸೊರಬ, ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರವೂ ಇದೇ ದಾರಿಯಲ್ಲಿ ಬಂದದ್ದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅಜ್ಜಿಯ ಎಳೆ ನೋಡಿ ಅಮ್ಮ, ಅಮ್ಮನ ಎಳೆ ನೋಡಿ ಮಗಳು. ಒಂದು ಎಳೆ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಈಗ ಅದಕ್ಕೆ 'ಜಾನಪದ ಕಲೆ' ಅಂತ ಹೆಸರಿಟ್ಟು ವೇದಿಕೆಯಲ್ಲಿ ಹೊಗಳುತ್ತೇವೆ. ಅದೇ ವೇದಿಕೆ ಇಳಿದು ಬಂದು ಹುಡುಗರಿಗೆ 'ನೋಡಿ ಬರೀಬೇಡ್ರೋ' ಅಂತೀವಿ.

ಇನ್ನು ಶಿಕಾರಿಪುರದ ಕಡೆ ಬನ್ನಿ. ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮದನಿಕೆಯರ ಕೆಳಗೆ ತಮ್ಮ ಹೆಸರು ಕೊರೆದ ಶಿಲ್ಪಿಗಳಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು. ಬೇಲೂರಿನ ಪ್ರತಿಷ್ಠೆ ಆದದ್ದು 1117ರಲ್ಲಿ. ಬಳ್ಳಿಗಾವಿಯಲ್ಲಿ ಅದಕ್ಕಿಂತ ಮುಂಚೆಯೇ ದೊಡ್ಡ ದೊಡ್ಡ ಕೆಲಸ ನಡೆದಿತ್ತು. ಊರಿನ ಗಂಡಭೇರುಂಡ ಕಂಬವೇ 1047ರದ್ದು. ದಾಸೋಜನ ಉಳಿ ಆಕಾಶದಿಂದ ಬಿದ್ದದ್ದಲ್ಲ. ಹಿರಿಯರು ಕಡೆದದ್ದನ್ನು ನೋಡಿ, ಅದೇ ಅಳತೆ, ಅದೇ ಭಂಗಿ ಮತ್ತೆ ಮತ್ತೆ ಕಡೆದು ಪಳಗಿದ ಕೈ ಅದು ಅಂತ ನನ್ನ ಲೆಕ್ಕ. ಮಗ ಚಾವಣ ಅಪ್ಪನನ್ನು ನೋಡಿ ಕಲಿತ. ಆದರೂ ಇಬ್ಬರೂ ಬೇರೆ ಬೇರೆ ಹೆಸರು ಕೊರೆದರು. ಕಲಿಯೋದು ಒಟ್ಟಿಗೆ, ಸಹಿ ಅವರವರದ್ದು. ಇಷ್ಟು ಸರಳ.

ಈಗ ಒಂದು ಆಕ್ಷೇಪ ಬರುತ್ತೆ, ಅದು ಹಗುರದ್ದಲ್ಲ. 'ಸರಿಯಪ್ಪ, ನಕಲು ಮಾಡು. ಆದರೆ ಬಳ್ಳಿಗಾವಿ ಬಿಟ್ಟು ಇಟಲಿ ಯಾಕೆ? ಇದು ಬಿಳಿಯರ ಗುಲಾಮಗಿರಿ ಅಲ್ವಾ?' ನನ್ನ ಗೆಳೆಯನೇ ಕೇಳಿದ ಪ್ರಶ್ನೆ.

ಉತ್ತರ ಇಷ್ಟೇ. ಎಣ್ಣೆ ಬಣ್ಣದಲ್ಲಿ ಮುಖ ಬರೆಯುವ ವಿದ್ಯೆ ಪಳಗಿದ್ದು ಯುರೋಪಿನಲ್ಲಿ, ಪುನರುಜ್ಜೀವನ ಅಂತ ನಾವು ಕರೆಯುವ ಕಾಲದಲ್ಲಿ. ಮದ್ದಳೆ ಕಲಿಯಬೇಕಾದವನು ಮದ್ದಳೆಯವರ ಹತ್ತಿರ ಹೋಗಬೇಕು. ಗಾಣ ಎಲ್ಲಿದೆಯೋ ಎಣ್ಣೆಗೆ ಅಲ್ಲಿಗೇ ಹೋಗಬೇಕು. ನಮ್ಮ ರಾಜಾ ರವಿವರ್ಮ ಮಾಡಿದ್ದೂ ಅದನ್ನೇ. ತಿರುವಾಂಕೂರಿನ ಅರಮನೆಗೆ ಬಂದಿದ್ದ ಯುರೋಪಿನ ಚಿತ್ರಕಾರ ಅವನಿಗೆ ಪಾಠ ಹೇಳಲಿಲ್ಲವಂತೆ, ಬರೆಯುವಾಗ ನೋಡಲು ಮಾತ್ರ ಬಿಟ್ಟನಂತೆ. ನೋಡಿ ನೋಡಿಯೇ ಕಲಿತ. ಮುಂದೆ 1894ರಲ್ಲಿ ಮುಂಬಯಿಯಲ್ಲಿ ಅಚ್ಚಿನ ಪ್ರೆಸ್ ಹಾಕಿದ. ನಮ್ಮ ದೇವರಮನೆಯ ಗೋಡೆಯಲ್ಲಿ ತಾವರೆ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ಇದ್ದಾರಲ್ಲ, ಆ ಕ್ಯಾಲೆಂಡರುಗಳ ವಂಶಾವಳಿ ಹುಡುಕಿದರೆ ಬಹುಪಾಲು ಅವನ ಹತ್ತಿರಕ್ಕೇ ಹೋಗಿ ನಿಲ್ಲುತ್ತೆ. ನಕಲಿನ ನಕಲಿಗೆ ದಿನಾ ಊದುಬತ್ತಿ ಹಚ್ಚುವ ನಾವು ನಕಲನ್ನು ಬೈಯುವುದಾ?

ಬಣ್ಣವೂ ಅಷ್ಟೇನೂ ಪರದೇಶಿ ಅಲ್ಲ. ಅಂಗಡಿಯಲ್ಲಿ ಸಿಗುವ ಟ್ಯೂಬಿನ ಮೇಲೆ ಯೆಲ್ಲೋ ಓಕರ್, ಬರ್ನ್ಟ್ ಸಿಯೆನಾ ಅಂತೆಲ್ಲ ದೊಡ್ಡ ಹೆಸರು. ಒಳಗಿರೋದು ಮೂಲತಃ ಕಬ್ಬಿಣದ ಅಂಶ ಇರುವ ಮಣ್ಣು. ಚಿತ್ತಾರದ ಕೆಮ್ಮಣ್ಣಿನ ಜಾತಿಯದ್ದೇ. ಅದನ್ನು ಕಲಸುವ ಎಣ್ಣೆ ಅಗಸೆಯದ್ದು. ಹುಬ್ಬಳ್ಳಿ ಕಡೆಯವರು ರೊಟ್ಟಿಗೆ ಹಚ್ಚಿಕೊಂಡು ತಿನ್ನೋ ಅಗಸೆ ಚಟ್ನಿಪುಡಿ ಇದೆಯಲ್ಲ, ಅದೇ ಬೀಜ.

ಹಾಗಾದರೆ ರಾಫೆಲನ ಆ ಒಂದು ಚಿತ್ರವೇ ಯಾಕೆ? ಮೊದಲನೇ ಕಾರಣ, ಬಡವರ ಚಿತ್ರ ಅದು. ಬಡವ ಅಂದರೆ ಬಣ್ಣದಲ್ಲಿ. ಕಪ್ಪು, ಬಿಳಿ, ಬೂದಿ, ಕಂದು, ಮುಖಕ್ಕೆ ಸ್ವಲ್ಪ ಕೆಂಪು. ನಾಲ್ಕೈದು ಟ್ಯೂಬಿನಲ್ಲಿ ಮುಗಿಯುತ್ತೆ. ಎರಡನೇದು, ಅಳತೆ 82 ಸೆಂಟಿಮೀಟರ್ ಎತ್ತರ, 67 ಅಗಲ. ಅಂದರೆ ಹೆಚ್ಚು ಕಡಿಮೆ ಎರಡೂ ಮುಕ್ಕಾಲು ಅಡಿಗೆ ಎರಡೂ ಕಾಲು ಅಡಿ. ನಮ್ಮ ಮನೆಯ ಕಿಟಕಿ ಪಕ್ಕ ಹಿಡಿಸುತ್ತೆ. ಮೂರನೇದು, ಈ ಚಿತ್ರವನ್ನು ನೋಡಿ ಕಲಿತವರ ಪಟ್ಟಿ. ರೂಬೆನ್ಸ್ ಇದರ ನಕಲು ಮಾಡಿದ. ಅದು ಈಗಲೂ ಲಂಡನ್ನಿನಲ್ಲಿದೆ. 1639ರಲ್ಲಿ ಈ ಚಿತ್ರ ಆಮ್‌ಸ್ಟರ್‌ಡ್ಯಾಮಿನಲ್ಲಿ ಹರಾಜಿಗೆ ಬಂದಾಗ ರೆಂಬ್ರಾಂಟ್ ಅಲ್ಲಿದ್ದ. ನೋಡಿದ್ದನ್ನು ಗಡಿಬಿಡಿಯಲ್ಲಿ ಗೀಚಿಕೊಂಡ, ಪಕ್ಕದಲ್ಲಿ 3500 ಗಿಲ್ಡರ್ ಅಂತ ಹರಾಜಿನ ಬೆಲೆಯನ್ನೂ ಬರೆದಿಟ್ಟುಕೊಂಡ. ಮರುವರ್ಷ, 1640ರಲ್ಲಿ, ತನ್ನದೇ ಭಾವಚಿತ್ರ ಬರೆದ. ರಾಫೆಲನಿಂದ ಒಂದಿಷ್ಟು, ತಿಶಿಯನ್ನನ ಇನ್ನೊಂದು ಚಿತ್ರದಿಂದ ಒಂದಿಷ್ಟು ಭಂಗಿ ತಗೊಂಡ. ಮುಖ ಮಾತ್ರ ಅವನದೇ, ಬೆಳಕು ಅವನದೇ. ಅದನ್ನು ಕಾಪಿ ಅನ್ನುವ ಧೈರ್ಯ ಯಾರಿಗಿದೆ?

ಲೂವ್ರ್ ಮ್ಯೂಸಿಯಂ 1793ರಲ್ಲಿ ಬಾಗಿಲು ತೆರೆದಾಗ, ಸಾಮಾನ್ಯ ಜನರಿಗಿಂತ ಹೆಚ್ಚು ದಿನಗಳನ್ನು ಕಲಾವಿದರಿಗೆ ಮೀಸಲಿಟ್ಟಿತ್ತು. ಬಂದು ನೋಡಿ ಬರೆದುಕೊಳ್ಳಲಿ ಅಂತ. ಮಾನೆ, ದೆಗಾ, ಮತೀಸ್ ಎಲ್ಲರೂ ಅಲ್ಲಿ ಕೂತು ನಕಲು ಮಾಡಿದವರೇ. ಇವತ್ತಿಗೂ ಅನುಮತಿ ಚೀಟಿ ಪಡೆದು ಅಲ್ಲಿ ನಕಲು ಮಾಡಬಹುದು. ಆದರೆ ಒಂದು ನಿಯಮ ಇದೆ: ನಕಲಿನ ಅಳತೆ ಮೂಲದಷ್ಟೇ ಇರಕೂಡದು, ಐದನೇ ಒಂದು ಭಾಗದಷ್ಟು ದೊಡ್ಡದೋ ಚಿಕ್ಕದೋ ಆಗಿರಬೇಕು. ನೋಡಿ ಎಷ್ಟು ಚಂದದ ನಿಯಮ! ಕಲಿಯೋದಕ್ಕೆ ಅಡ್ಡಿ ಇಲ್ಲ, ಮೋಸ ಮಾಡೋದಕ್ಕೆ ಅಡ್ಡಿ ಇದೆ. ನಮ್ಮಲ್ಲಿ ಸರಿಯಾಗಿ ಉಲ್ಟಾ.

'ನಕಲಿನಿಂದ ಕಲಿತದ್ದೇನು, ಹೇಳು ನೋಡೋಣ' ಅಂತೀರಾ? ಹೇಳ್ತೀನಿ.

ಕಣ್ಣಿನ ಬಿಳಿ ಬಿಳಿಯಲ್ಲ, ಬೂದಿ. ಶುದ್ಧ ಬಿಳಿ ಇಟ್ಟರೆ ಮುಖ ಬೊಂಬೆಯಾಗುತ್ತೆ. ರಾಫೆಲ್ ಅಂಗಿಗೆ ಬಿಳಿ ಬಳಿದು, ಕಣ್ಣಿಗೆ ಕೈ ಬಿಗಿ ಮಾಡಿದ್ದಾನೆ. ಮುಖದ ಅಂಚು ಎಲ್ಲಾ ಕಡೆ ಒಂದೇ ತರ ಇರೋದಿಲ್ಲ. ಬೆಳಕಿನ ಕಡೆ ಚೂಪು, ನೆರಳಿನ ಕಡೆ ಕರಗಿದ ಹಾಗೆ. ಮೊಬೈಲ್ ಫೋಟೋ ಇದನ್ನು ಹೇಳಿಕೊಡಲ್ಲ, ಅದಕ್ಕೆ ಎಲ್ಲವೂ ಚೂಪು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನ ಪದರದಲ್ಲಿ ಹೆಚ್ಚು. ತಪ್ಪಿದರೆ ಒಣಗಿದ ಮೇಲೆ ಬಿರುಕು. ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ. ಅದರಲ್ಲೂ ಕಂದು ಅಂಬರ್ ಬೇಗ, ಕಪ್ಪು ನಿಧಾನ. ನಮ್ಮ ಮಳೆಗಾಲದಲ್ಲಂತೂ ಕೇಳಲೇಬೇಡಿ, ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಬರುತ್ತೆ, ಮುಂದಿನ ಬಣ್ಣ ಇನ್ನೂ ಹಸಿ. ಕಾಯೋದು ಕಲಿತೆ. ಇದನ್ನೆಲ್ಲ 'ನಿನ್ನ ಮನಸ್ಸಿಗೆ ಬಂದದ್ದು ಬರಿ' ಅನ್ನುವ ಮೇಷ್ಟ್ರು ಹೇಳಿಕೊಡಲು ಸಾಧ್ಯವಿಲ್ಲ. ಮನಸ್ಸಿಗೆ ಬರೋದು ಬಂದೇ ಬರುತ್ತೆ, ಕೈಗೆ ಬರಬೇಕಲ್ಲ.

ನಕಲು ಎಲ್ಲಿ ಕೈಬಿಡುತ್ತೆ ಅನ್ನೋದೂ ಗೊತ್ತಾಗಬೇಕು. ರಾಫೆಲ್ ಮುಗಿದ ಮೇಲೆ ನಾನು ಕೂರಿಸಿಕೊಂಡದ್ದು ನಮ್ಮ ಪಕ್ಕದ ಮನೆಯ ಗಿರಿಜಕ್ಕನನ್ನ. ಅಡಿಕೆ ಸುಲಿಯೋ ಕೆಲಸ ಮಾಡುವವರು. 'ಎಂತಕ್ಕೋ ನನ್ನ ಮುಖ, ಬೇರೆ ಯಾರೂ ಸಿಗಲಿಲ್ಲವಾ' ಅಂತ ಬೈದುಕೊಂಡೇ ಕೂತರು. ಇಟಲಿಯ ಗುಲಾಬಿ ಬಣ್ಣ ಅಲ್ಲಿ ಒಂದು ಚೂರೂ ಉಪಯೋಗಕ್ಕೆ ಬರಲಿಲ್ಲ. ಅವರ ಹಣೆಯ ಮೇಲೆ ಬೀಳುವ ಬೆಳಕು ಬಿಳಿಯೂ ಅಲ್ಲ, ಹಳದಿಯೂ ಅಲ್ಲ. ಕಂದು ಚರ್ಮದ ಮೇಲೆ ಆಕಾಶದ ತಿಳಿನೀಲಿ. ಆ ನೀಲಿಯನ್ನು ರಾಫೆಲ್ ನನಗೆ ಕೊಡಲಿಲ್ಲ. ಆದರೆ ಅದನ್ನು ನೋಡುವ ಕಣ್ಣು ಕೊಟ್ಟಿದ್ದು ಅವನೇ. ನಕಲು ಸೇತುವೆ ಇದ್ದ ಹಾಗೆ, ದಾಟಬೇಕು. ಅಲ್ಲೇ ಮನೆ ಕಟ್ಟಿಕೊಂಡು ಕೂತವನನ್ನು ಬೈಯಿರಿ, ನಾನೂ ಬೈತೀನಿ. ದಾಟುವವನ ಕಾಲು ಯಾಕೆ ಎಳೀತೀರಿ?

ದೊಡ್ಡ ಊರಿನವರಿಗೆ ಇದೆಲ್ಲ ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ಬೆಂಗಳೂರಿನಲ್ಲಿ ಗ್ಯಾಲರಿಗಳಿವೆ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳಿವೆ, ಕಲಾಶಾಲೆಗಳಿವೆ. ನಮ್ಮ ಮಕ್ಕಳಿಗೆ ಏನಿದೆ? ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರೇ ಇಲ್ಲ. ಇರುವ ಒಂದೇ ಗುರು ಎಂದರೆ ಒಳ್ಳೆಯ ಚಿತ್ರ, ಮತ್ತು ಅದನ್ನು ಗಂಟೆಗಟ್ಟಲೆ ನೋಡುವ ತಾಳ್ಮೆ. ಆ ಗುರುವಿನ ಹತ್ತಿರವೂ ಹೋಗಬೇಡಿ ಅಂದರೆ ಅವರು ಎಲ್ಲಿಗೆ ಹೋಗಬೇಕು? ಮೊಬೈಲಿಗೇ ಹೋಗ್ತಾರೆ. ಬಟನ್ ಒತ್ತಿದರೆ ನಿಮ್ಮ ಫೋಟೋವನ್ನೇ 'ಆಯಿಲ್ ಪೇಂಟಿಂಗ್' ಮಾಡಿಕೊಡುವ ಆ್ಯಪ್‌ಗಳು ಬಂದಾಗಿದೆ. ಕೈಯಿಂದ ಕಲಿಯುವ ದಾರಿಗೆ ಬೇಲಿ ಹಾಕಿದ ಮೇಲೆ, 'ಈಗಿನ ಹುಡುಗರಿಗೆ ಶ್ರದ್ಧೆ ಇಲ್ಲ' ಅಂತ ಭಾಷಣ ಮಾಡಬೇಡಿ.

ಬೈದದ್ದು ಸಾಕು, ಮಾಡಬೇಕಾದದ್ದನ್ನೂ ಹೇಳ್ತೀನಿ. ಒಂದೂ ಲಕ್ಷಗಟ್ಟಲೆ ಖರ್ಚಿನದ್ದಲ್ಲ. ಪ್ರದರ್ಶನ ಮಾಡುವವರು ಒಂದು ಗೋಡೆಯನ್ನು ನಕಲಿಗೇ ಬಿಡಲಿ. ನಿಯಮ ಮೂರು: ಮೂಲ ಯಾರದ್ದು ಅಂತ ಮುಂದೆಯೂ ಬೆನ್ನಿಗೂ ಬರೆದಿರಬೇಕು, ಅಳತೆ ಬೇರೆ ಇರಬೇಕು, ಪ್ರೊಜೆಕ್ಟರ್ ಬಳಸಿರಬಾರದು. ಚೌಕ ಹಾಕಿಕೊಂಡು ಬರೆದರೆ ಅಡ್ಡಿಯಿಲ್ಲ, ಬೋರ್ಡ್ ಬರೆಯುವ ನಮ್ಮ ಹಳೇ ಪೇಂಟರುಗಳೂ ಚೌಕ ಹಾಕಿಯೇ ಆಳೆತ್ತರದ ಮುಖ ಬರೆದವರು. ಅದೇ ನಿಯಮ ಫೋಟೋ ನೋಡಿ ಬರೆದವರಿಗೂ ಇರಲಿ, ಫೋಟೋ ತೆಗೆದವರ ಹೆಸರು ಹಾಕಲಿ. ಆಗ ರಾಜಸ್ಥಾನದ ಅಜ್ಜ ಎಷ್ಟು ಜನ ಉಳೀತಾರೆ ನೋಡೋಣ.

ಶಾಲೆಯವರು ನಾಲ್ಕು ಒಳ್ಳೆಯ ಚಿತ್ರಗಳನ್ನು ಮೂಲದ ಅಳತೆಯಲ್ಲೇ ಪ್ರಿಂಟ್ ಹಾಕಿಸಿ ಗೋಡೆಗೆ ಹಚ್ಚಲಿ. ದೊಡ್ಡ ದೊಡ್ಡ ಮ್ಯೂಸಿಯಂಗಳೇ ಎಷ್ಟೋ ಹಳೆಯ ಚಿತ್ರಗಳನ್ನು ದೊಡ್ಡ ಅಳತೆಯಲ್ಲಿ ಪುಕ್ಕಟೆ ಕೊಡುತ್ತಿವೆ. ನಮ್ಮ ಬೋರ್ಡ್ ಪೇಂಟರುಗಳ ಅನ್ನ ಕಿತ್ತುಕೊಂಡ ಫ್ಲೆಕ್ಸ್ ಅಂಗಡಿ ಆ ಒಂದು ಪುಣ್ಯದ ಕೆಲಸವನ್ನಾದರೂ ಮಾಡಲಿ. ಹುಟ್ಟುಹಬ್ಬದ ಶುಭಾಶಯ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ನಗುವ ಮುಖಗಳ ನಡುವೆ ಒಂದು ರಾಫೆಲ್, ಒಂದು ರವಿವರ್ಮ ಬಂದರೆ ಯಾರಿಗೂ ನಷ್ಟವಿಲ್ಲ. ಮತ್ತೆ, ವರ್ಷಕ್ಕೊಮ್ಮೆ ಮಕ್ಕಳನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋಗಿ. ಸೆಲ್ಫಿ ತೆಗೆಯೋದಕ್ಕಲ್ಲ. ಕೇದಾರೇಶ್ವರನ ಎದುರು ಕೂತು ಒಂದೇ ಒಂದು ಮೂರ್ತಿಯನ್ನು ಮಧ್ಯಾಹ್ನದವರೆಗೆ ಬರೆಯಲಿಕ್ಕೆ.

ಅಪ್ಪ ಅಮ್ಮಂದಿರೇ, ನಿಮ್ಮ ಮಗಳು ನಾಳೆ ಯಾವುದೋ ಪುಸ್ತಕದ ಚಿತ್ರ ನೋಡಿ ಬರೆದು ನಿಮ್ಮ ಮುಂದೆ ಹಿಡಿದರೆ 'ಕಾಪಿನಾ?' ಅಂತ ಕೇಳಬೇಡಿ. 'ಯಾರದ್ದು ನೋಡಿ ಬರೆದೆ? ಏನು ಕಷ್ಟ ಆಯಿತು?' ಅಂತ ಕೇಳಿ. ಎರಡನೇ ಪ್ರಶ್ನೆಗೆ ಅವಳು ಉತ್ತರ ಕೊಟ್ಟಳೋ, ಕಲಿಯುತ್ತಿದ್ದಾಳೆ ಅಂತ ತಿಳಿಯಿರಿ. ಬಣ್ಣದ ಇನ್ನೊಂದು ಟ್ಯೂಬ್ ತಂದುಕೊಡಿ.